ಪಂದ್ಯಕ್ಕೆ ಮುಂಚಿನ ಎರಡು ವಾರ

ಹಬ್ಬಕ್ಕಿಂತ ಹಬ್ಬದ ಹಿಂದಿನ ದಿನವೇ ಹೆಚ್ಚು ಸೊಗಸು ಎಂಬುದು ನನ್ನ ಬಹುದಿನದ ನಂಬಿಕೆ. ಹಬ್ಬದ ದಿನ ಹೋಳಿಗೆ ಒಂದು ಸುತ್ತು ಬಂದುಹೋದರೆ ಮುಗಿಯಿತು. ಹಿಂದಿನ ದಿನದ ಕಣಕ ನಾದುವ ಸದ್ದು, ಹೂರಣದ ಪರಿಮಳ, ‘ಈಗಲೇ ಮುಟ್ಟಬೇಡ’ ಎಂಬ ಗದರಿಕೆ, ಇವುಗಳಲ್ಲಿರುವ ರುಚಿ ಎಲೆಯ ಮೇಲೆ ಬಿದ್ದ ಹೋಳಿಗೆಗೆ ಎಲ್ಲಿಂದ ಬರಬೇಕು? ಪರೀಕ್ಷೆಯೊಂದನ್ನು ಬಿಟ್ಟರೆ ಲೋಕದ ಸಕಲ ವಿಷಯಗಳಿಗೂ ಈ ಮಾತು ಸಲ್ಲುತ್ತದೆ. ಈ ಸತ್ಯವನ್ನು ಅರಿತು, ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದವರು ಅಮೆರಿಕದವರು. ಅವರ ಫುಟ್‌ಬಾಲ್ ಆಟದ ಅಂತಿಮ ಪಂದ್ಯಕ್ಕೆ ‘ಸೂಪರ್ ಬೌಲ್’ ಎಂದು ಹೆಸರು. ಅಂತಿಮ ಪಂದ್ಯಕ್ಕೆ ಬರುವ ಎರಡು ತಂಡಗಳು ಯಾವುವೆಂದು ತಿಳಿದ ಮೇಲೆ ಸಾಮಾನ್ಯವಾಗಿ ಎರಡು ವಾರ ಬಿಡುವು ಕೊಡುತ್ತಾರೆ. ಆಟಗಾರರು ಗಾಯ ಮಾಯಿಸಿಕೊಳ್ಳಲೆಂದು ಈ ಬಿಡುವು ಎನ್ನುತ್ತಾರೆ. ಅಭಿಮಾನಿಗಳು ಮಾತಾಡಿ ಮುಗಿಸಲೆಂದು ಕೊಟ್ಟದ್ದೆಂದು ನಾನು ಹೇಳುತ್ತೇನೆ.

ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ಟಿನ ಪಂಡಿತರು ಹೆಜ್ಜೆಗೊಬ್ಬರು. ಕಬಡ್ಡಿಯ ಶೂರರೂ ಉಂಟು. ಅಮೆರಿಕದ ಫುಟ್‌ಬಾಲನ್ನು ಕುರಿತು ಬರೆಯಹೊರಟ ನನ್ನನ್ನು ಮಿತ್ರರು ವಿಚಿತ್ರವಾಗಿ ನೋಡಿದರೆ ಅದು ಅವರ ತಪ್ಪಲ್ಲ. ‘ಆ ಆಟದಲ್ಲಿ ಕಾಲಿಗೆ ಕೆಲಸವೇ ಇಲ್ಲವಂತೆ, ಫುಟ್‌ಬಾಲ್ ಎಂದೇಕೆ ಹೆಸರು?’ ಎಂದು ಒಬ್ಬರು ಕೇಳಿದರು. ಕಾಲಿಗೆ ಕೆಲಸವುಂಟು, ಆದರೆ ಕಡಿಮೆ; ಆ ಕಡಿಮೆಯ ಕೆಲಸದಲ್ಲೇ ಎಂಥ ಕಣ್ಣೀರು ಅಡಗಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ನನಗೆ ಈ ಹುಚ್ಚು ಹಿಡಿಸಿದವನು ನನ್ನ ಅಣ್ಣ. ಅವನು ಓದಲೆಂದು ಹೋಗಿ, ಅಲ್ಲಿಯೇ ಕೆಲಸಕ್ಕೆ ನಿಂತಿರುವ ಊರು ನ್ಯೂಯಾರ್ಕ್ ರಾಜ್ಯದ ಬಫಲೋ. ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಕಟ್ಟಡಗಳನ್ನು ನೆನೆಯಬೇಡಿ. ಬಫಲೋ ಆ ರಾಜ್ಯದ ಪಶ್ಚಿಮದ ತುದಿಯಲ್ಲಿ, ಈರಿ ಸರೋವರದ ದಡದಲ್ಲಿರುವ ಊರು. ನಯಾಗರಾ ಜಲಪಾತ ಅಲ್ಲಿಗೆ ಹತ್ತಿರ. ಸರೋವರದ ಮೇಲಿಂದ ಬೀಸುವ ಗಾಳಿ ಚಳಿಗಾಲದಲ್ಲಿ ಹಿಮವನ್ನು ಗಾಡಿಗಟ್ಟಲೆ ತಂದು ಸುರಿಯುತ್ತದೆ. ಮನೆಯ ಬಾಗಿಲು ತೆರೆಯಬೇಕಾದರೆ ಸಲಿಕೆ ಹಿಡಿಯಬೇಕು. ಮೊದಲ ಚಳಿಗಾಲದಲ್ಲಿ ಅಣ್ಣನಿಗೆ ಸಲಿಕೆ ಕೊಟ್ಟವರು ಪಕ್ಕದ ಮನೆಯ ಮುದುಕರೊಬ್ಬರು. ಸಲಿಕೆಯೊಡನೆ ಆ ಊರಿನ ತಂಡವಾದ ಬಫಲೋ ಬಿಲ್ಸ್ ಮೇಲಣ ಭಕ್ತಿಯನ್ನೂ ಅವರು ಇವನಿಗೆ ಧಾರೆಯೆರೆದರು. ಸಲಿಕೆ ವಸಂತದಲ್ಲಿ ಹಿಂತಿರುಗಿತು, ಭಕ್ತಿ ಉಳಿಯಿತು. ಅದರಲ್ಲೊಂದು ಪಾಲು ದೂರವಾಣಿಯ ಮೂಲಕ ನನಗೂ ಬಂತು.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು ಹೇಳಬೇಕು. ಕಬಡ್ಡಿ ಬಲ್ಲವರಿಗೆ ಇದು ಕಷ್ಟದ ಆಟವಲ್ಲ. ಎರಡೂ ಆಟಗಳ ಪ್ರಾಣವಿರುವುದು ನೆಲದಲ್ಲಿ: ಎದುರಾಳಿಯ ನೆಲಕ್ಕೆ ನುಗ್ಗಬೇಕು, ನಮ್ಮ ನೆಲ ಕಾಯಬೇಕು. ಅಂಗಳದ ಉದ್ದ 100 ಗಜ. ಎರಡು ತುದಿಗಳಲ್ಲೂ 10 ಗಜದ ಒಂದೊಂದು ಪಟ್ಟಿ. ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರಲ್ಲಿ 10 ಗಜ ಮುಂದುವರಿದರೆ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಕೊನೆಯ ಪಟ್ಟಿಗೆ ಮುಟ್ಟಿಸಿದರೆ ಟಚ್‌ಡೌನ್, 6 ಅಂಕ. ಅಲ್ಲಿಯವರೆಗೆ ಸಾಗಲಾರದಾದಾಗ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ತೂರಿಸಿದರೆ 3 ಅಂಕ. ತಂಡದ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಅವನು ಚೆಂಡನ್ನು ಎಸೆಯುತ್ತಾನೆ, ಇಲ್ಲವೇ ಓಡುವವನ ಕೈಗಿಡುತ್ತಾನೆ. ಅವನ ಮುಂದೆ ಐವರು ಭೀಮಕಾಯರು ಗೋಡೆಯಂತೆ ನಿಲ್ಲುತ್ತಾರೆ. ಇಷ್ಟು ತಿಳಿದರೆ ಸಾಕು; ಉಳಿದ ನಿಯಮಗಳನ್ನು ಅಮೆರಿಕದವರೂ ಪಂದ್ಯದ ನಡುವೆ ಜಗಳವಾಡಿಯೇ ಕಲಿಯುತ್ತಾರಂತೆ.

ಮೊದಲ ಅಂತಿಮ ಪಂದ್ಯ ನಡೆದದ್ದು 1967ರ ಜನವರಿ 15ರಂದು, ಲಾಸ್ ಏಂಜಲೀಸ್ ನಗರದಲ್ಲಿ. ಅಂದು ಗ್ರೀನ್ ಬೇ ಪ್ಯಾಕರ್ಸ್ ತಂಡ ಕ್ಯಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 35-10ರಿಂದ ಸೋಲಿಸಿತು. ಆ ವಿಶಾಲ ಕ್ರೀಡಾಂಗಣದಲ್ಲಿ ಸಾವಿರಾರು ಆಸನಗಳು ಖಾಲಿಯಿದ್ದುವೆಂದು ಹೇಳಿದರೆ ಇಂದಿನವರು ನಂಬಲಾರರು. ಗೆದ್ದ ತಂಡದ ಗುರು ವಿನ್ಸ್ ಲೊಂಬಾರ್ಡಿ 1970ರಲ್ಲಿ ತೀರಿಕೊಂಡ ಮೇಲೆ ಬೆಳ್ಳಿಯ ಪಾರಿತೋಷಕಕ್ಕೆ ಅವರ ಹೆಸರನ್ನೇ ಇಟ್ಟರು. ಪಂದ್ಯಗಳನ್ನು ರೋಮನ್ ಅಂಕಿಗಳಿಂದ ಎಣಿಸುವುದೂ ಒಂದು ಸಂಪ್ರದಾಯ. ಚಕ್ರವರ್ತಿಗಳಿಗೂ ಪೋಪರಿಗೂ ಸಲ್ಲುವ ಈ ಮರ್ಯಾದೆ ಒಂದು ಆಟಕ್ಕೆ ಸಂದಿರುವುದು ನನಗೆ ತಮಾಷೆಯಾಗಿ ತೋರುತ್ತದೆ. ಆ ಮಹಾಗಂಭೀರ ಹೆಸರಿನ ಮೂಲವಾದರೋ ಮಕ್ಕಳ ಆಟಿಕೆ! ಚೀಫ್ಸ್ ತಂಡದ ಒಡೆಯ ಲಾಮಾರ್ ಹಂಟ್ ಅವರ ಮಕ್ಕಳು ಆಡುತ್ತಿದ್ದ ‘ಸೂಪರ್ ಬಾಲ್’ ಎಂಬ ಪುಟಿಯುವ ರಬ್ಬರ್ ಚೆಂಡಿನಿಂದ ತಮಗೆ ಆ ಹೆಸರು ಹೊಳೆಯಿತೆಂದು ಅವರು ಹೇಳುತ್ತಿದ್ದರು.

ಬರುವ ಫೆಬ್ರವರಿಯ ಪಂದ್ಯಕ್ಕೆ ಯಾವ ಎರಡು ತಂಡಗಳು ಬರುವುವೆಂದು ಈ ಸಾಲನ್ನು ಬರೆಯುವಾಗ ಬ್ರಹ್ಮನಿಗೂ ತಿಳಿಯದು. ತಂಡಗಳು 32, ಒಂದೊಂದಕ್ಕೂ 17 ಪಂದ್ಯ, ಮುಂದಿನ ಸುತ್ತಿಗೆ ಏರುವುವು 14, ಕೊನೆಗೆ ಉಳಿಯುವುವು ಎರಡು. ‘ತಂಡವೇ ತಿಳಿಯದೆ ಭವಿಷ್ಯ ನುಡಿಯುವುದು ಹೇಗೆ?’ ಎಂದು ವಾಚಕರು ಕೇಳಬಹುದು. ತಂಡ ತಿಳಿದವರು ನುಡಿದ ಭವಿಷ್ಯದ ಗತಿ ಏನಾಯಿತೆಂದು ಸ್ವಲ್ಪ ನೋಡೋಣ.

1969ರ ಜನವರಿಯಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡ ನ್ಯೂಯಾರ್ಕ್ ಜೆಟ್ಸ್ ತಂಡವನ್ನು ಸುಮಾರು 18 ಅಂಕಗಳಿಂದ ಸೋಲಿಸುವುದೆಂದು ಪಣದ ಲೆಕ್ಕ ಹಾಕುವವರೆಲ್ಲ ಹೇಳಿದ್ದರು. ಪಂದ್ಯಕ್ಕೆ ಮೂರು ದಿನ ಮೊದಲು, ಮಯಾಮಿಯ ಒಂದು ಔತಣಕೂಟದಲ್ಲಿ ಜೆಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ನೇಮತ್ ಎದ್ದು ನಿಂತು, ಗೆಲ್ಲುವವರು ನಾವೇ ಎಂದು ಖಾತರಿ ಕೊಟ್ಟುಬಿಟ್ಟ. ಜನ ನಕ್ಕರು. ಜೆಟ್ಸ್ 16-7ರಿಂದ ಗೆದ್ದಿತು. 2008ರ ಫೆಬ್ರವರಿ 3ರಂದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಆ ವರ್ಷ ಆಡಿದ 18 ಪಂದ್ಯಗಳನ್ನೂ ಗೆದ್ದು ಅಂಗಳಕ್ಕಿಳಿಯಿತು. ಎದುರಿಗಿದ್ದುದು ನ್ಯೂಯಾರ್ಕ್ ಜೈಂಟ್ಸ್. ಕೊನೆಯ ನಿಮಿಷಗಳಲ್ಲಿ ಡೇವಿಡ್ ಟೈರಿ ಎಂಬಾತ ಚೆಂಡನ್ನು ತನ್ನ ಶಿರಸ್ತ್ರಾಣಕ್ಕೆ ಒಂದು ಕೈಯಿಂದ ಅವುಚಿಕೊಂಡು, ಎದುರಾಳಿ ಜಗ್ಗುತ್ತಿದ್ದರೂ ಬಿಡದೆ ನೆಲಕ್ಕೆ ಬಿದ್ದ. ಜೈಂಟ್ಸ್ 17-14ರಿಂದ ಗೆದ್ದಿತು. ಟೈರಿ ಆ ಲೀಗಿನಲ್ಲಿ ಹಿಡಿದ ಕೊನೆಯ ಚೆಂಡು ಅದೇ. 2017ರಲ್ಲಿ ಅದೇ ಪೇಟ್ರಿಯಟ್ಸ್ ತಂಡ ಅಟ್ಲಾಂಟಾ ಫಾಲ್ಕನ್ಸ್ ಎದುರು 3-28ರಿಂದ ಹಿಂದೆ ಬಿದ್ದಿತ್ತು. ದೂರದರ್ಶನವನ್ನು ಆರಿಸಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ, ಹೆಚ್ಚುವರಿ ಅವಧಿಯಲ್ಲಿ ಪೇಟ್ರಿಯಟ್ಸ್ 34-28ರಿಂದ ಗೆದ್ದಿತ್ತು!

ಆದ್ದರಿಂದ ತಂಡದ ಹೆಸರು ಹೇಳಿ ಮುಖಭಂಗ ಮಾಡಿಕೊಳ್ಳುವ ಉದ್ದೇಶ ನನಗಿಲ್ಲ. ಆದರೆ ಯಾವ ಎರಡು ತಂಡಗಳು ಬಂದರೂ ಕಣ್ಣಿಡತಕ್ಕ ಜಾಗಗಳು ಮೂರು ಉಂಟು.

ಮೊದಲನೆಯದು ಗೋಡೆ. ನೋಡುಗರ ಕಣ್ಣೆಲ್ಲ ಚೆಂಡಿನ ಮೇಲೆ, ಚೆಂಡೆಸೆಯುವ ನಾಯಕನ ಮೇಲೆ. ಅವನಿಗೆ ಎಸೆಯಲು ಎರಡು ಗಳಿಗೆ ಬಿಡುವು ಮಾಡಿಕೊಡುವ ಆ ಐವರ ಹೆಸರು ಯಾರಿಗೂ ನೆನಪಿರುವುದಿಲ್ಲ. 2025ರ ಫೆಬ್ರವರಿ 9ರಂದು, ಸತತವಾಗಿ ಮೂರನೆಯ ಬಾರಿ ಗೆಲ್ಲಬೇಕೆಂದು ಬಂದ ಕ್ಯಾನ್ಸಾಸ್ ಸಿಟಿ ತಂಡದ ಗೋಡೆ ಫಿಲಡೆಲ್ಫಿಯಾ ಈಗಲ್ಸ್ ತಂಡದ ಎದುರು ಕುಸಿಯಿತು. ಪ್ಯಾಟ್ರಿಕ್ ಮಹೋಮ್ಸ್‌ನಂಥ ಮಾಂತ್ರಿಕನನ್ನೇ ಆರು ಸಲ ನೆಲಕ್ಕೆ ಕೆಡವಿದರು. ಅರ್ಧ ಪಂದ್ಯ ಮುಗಿದಾಗ 24-0, ಕೊನೆಗೆ 40-22. ಮನೆಯ ಮೇಲ್ಛಾವಣಿಯ ಅಂದವನ್ನು ಹೊಗಳುವವರು ಗೋಡೆಯನ್ನು ನೆನೆಯುವುದು ಅದು ಬಿದ್ದಾಗ ಮಾತ್ರವಷ್ಟೆ.

ಎರಡನೆಯದು ಕೊನೆಯ ಒಂದು ಗಜ. ತೊಂಬತ್ತೊಂಬತ್ತು ಗಜ ನಡೆದವನಿಗೆ ನೂರನೆಯದು ಸುಲಭವೆಂದು ತಿಳಿಯಬಾರದು. 2015ರಲ್ಲಿ ಸಿಯಾಟಲ್ ಸೀಹಾಕ್ಸ್ ಗೆಲುವಿಗೆ ಒಂದೇ ಗಜ ದೂರದಲ್ಲಿ ನಿಂತಿತ್ತು. ಅರ್ಧ ನಿಮಿಷವೂ ಉಳಿದಿರಲಿಲ್ಲ. ಚೆಂಡು ಹಿಡಿದು ನುಗ್ಗಬಲ್ಲ ಬಲಶಾಲಿ ಓಟಗಾರನಿದ್ದರೂ ಅವರು ಚೆಂಡನ್ನೆಸೆದರು. ಮಾಲ್ಕಮ್ ಬಟ್ಲರ್ ಎಂಬ ಹೊಸ ಹುಡುಗ, ಆಟಗಾರರ ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಆರಿಸಿಕೊಳ್ಳದಿದ್ದವನು, ನಡುವೆ ಹಾರಿ ಅದನ್ನು ಹಿಡಿದುಬಿಟ್ಟ. ಪೇಟ್ರಿಯಟ್ಸ್ 28-24ರಿಂದ ಗೆದ್ದಿತು.

ಮೂರನೆಯದು ಒದೆಯುವವನ ಕಾಲು. ಇಲ್ಲಿಗೆ ಬಂದಾಗ ಬಫಲೋದ ಅಭಿಮಾನಿ ಒಂದು ಕ್ಷಣ ಸುಮ್ಮನಾಗುತ್ತಾನೆ.

1991ರ ಜನವರಿ 27. ಫ್ಲಾರಿಡಾದ ಟ್ಯಾಂಪಾ ನಗರ. ಬಫಲೋ ಬಿಲ್ಸ್ ಮೊದಲ ಬಾರಿ ಸೂಪರ್ ಬೌಲಿಗೆ ಬಂದಿತ್ತು. ಎದುರಾಳಿಗಳಾದ ನ್ಯೂಯಾರ್ಕ್ ಜೈಂಟ್ಸ್ ಚೆಂಡನ್ನು 60 ನಿಮಿಷಗಳಲ್ಲಿ 40ಕ್ಕೂ ಹೆಚ್ಚು ನಿಮಿಷ ತಮ್ಮಲ್ಲೇ ಇಟ್ಟುಕೊಂಡು, ಬಫಲೋದ ವೇಗದ ಆಟಗಾರರನ್ನು ಅಂಗಳದ ಅಂಚಿನಲ್ಲೇ ಕೂರಿಸಿದ್ದರು. ಆದರೂ ಕೊನೆಗೆ ಅಂಕಗಳು 20-19. ಉಳಿದದ್ದು 8 ಸೆಕೆಂಡು. ಸ್ಕಾಟ್ ನಾರ್‌ವುಡ್ 47 ಗಜದಿಂದ ಚೆಂಡನ್ನು ಒದೆಯಬೇಕು. ಕಂಬಗಳ ನಡುವೆ ಹೋದರೆ ಗೆಲುವು. ಚೆಂಡು ಎತ್ತರಕ್ಕೇನೋ ಏರಿತು, ದೂರವೂ ಹೋಯಿತು. ಬಲಗಂಬದ ಹೊರಗೆ ಹೋಯಿತು.

ಇಷ್ಟೇ ಆಗಿದ್ದರೆ ನಾನು ಈ ತಂಡದ ಅಭಿಮಾನಿಯಾಗುತ್ತಿರಲಿಲ್ಲವೇನೋ. ಮರುದಿನ ಆಟಗಾರರು ಊರಿಗೆ ಮರಳಿದಾಗ ನಯಾಗರಾ ಚೌಕದಲ್ಲಿ ಸಾವಿರಾರು ಜನ ಚಳಿಯಲ್ಲಿ ಕಾದು ನಿಂತಿದ್ದರು. ಸೋತ ತಂಡವನ್ನು ಎದುರುಗೊಳ್ಳಲು! ಅವರು ನಾಯಕನನ್ನಲ್ಲ, ತಪ್ಪಿ ಒದ್ದ ನಾರ್‌ವುಡ್‌ನನ್ನು ಕಾಣಬೇಕೆಂದು ಅವನ ಹೆಸರನ್ನೇ ಕೂಗಿದರು. ಹಿಂದೆ ಅವಿತಿದ್ದ ಅವನು ಮುಂದೆ ಬಂದು ನಿಂತಾಗ ಜಯಘೋಷ ಮಾಡಿದರು. ಇಷ್ಟು ಪ್ರೀತಿಯನ್ನು ತಾನೆಂದೂ ಕಂಡಿಲ್ಲವೆಂಬರ್ಥದ ಮಾತನ್ನು ಅವನು ತಡೆದು ತಡೆದು ಆಡಿದ. ಗೆದ್ದವನನ್ನು ಹೆಗಲ ಮೇಲೆ ಹೊರುವ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ. ಸೋಲಿಗೆ ಕಾರಣನಾದವನನ್ನು ಕರೆದು ಮುಂದೆ ನಿಲ್ಲಿಸಿ ಸಂತೈಸುವ ಊರು ಎಷ್ಟಿವೆ? ಅಣ್ಣ ಇಂಥ ಊರಿನಲ್ಲಿದ್ದಾನೆಂದು ಕೇಳಿದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು.

ಬಫಲೋ ಮತ್ತೆ 1992ರಲ್ಲಿ ಬಂದು ವಾಷಿಂಗ್ಟನ್ ಎದುರು ಸೋತಿತು. 1993ರಲ್ಲಿ ಬಂದು ಡಲ್ಲಾಸ್ ಎದುರು ಸೋತಿತು. 1994ರಲ್ಲಿ ಬಂದು ಅದೇ ಡಲ್ಲಾಸ್ ಎದುರು ಸೋತಿತು. ಸತತವಾಗಿ ನಾಲ್ಕು ಸಲ ಅಂತಿಮ ಪಂದ್ಯಕ್ಕೆ ಬಂದ ತಂಡ ಇನ್ನೊಂದಿಲ್ಲ. ಸತತವಾಗಿ ನಾಲ್ಕು ಸಲ ಸೋತದ್ದೂ ಇನ್ನೊಂದಿಲ್ಲ. ಆಮೇಲೆ 2025ರವರೆಗೆ, ಮೂರು ದಶಕಗಳಿಗೂ ಮೀರಿ, ಅದು ಮತ್ತೆ ಆ ಬಾಗಿಲನ್ನು ಕಂಡಿರಲಿಲ್ಲ.

ಆ ನಾಲ್ಕು ಸೋಲುಗಳಲ್ಲಿ ಮೂರನೆಯದು ಅತ್ಯಂತ ಹೀನಾಯವಾದದ್ದು: 52-17. ಆದರೆ ನನಗೆ ಅತ್ಯಂತ ಪ್ರಿಯವಾದ ಗಳಿಗೆಯೂ ಆ ಪಂದ್ಯದ್ದೇ. ಎಲ್ಲ ಮುಗಿದುಹೋಗಿತ್ತು. ಆಗ ಬಫಲೋ ಕೈಜಾರಿಸಿದ ಚೆಂಡನ್ನು ಡಲ್ಲಾಸಿನ ಲಿಯಾನ್ ಲೆಟ್ ಎಂಬ ದೈತ್ಯ ಎತ್ತಿಕೊಂಡು ಓಡಿದ. ಎದುರಿಗೆ ಯಾರೂ ಇಲ್ಲ. ಗೆರೆ ಹತ್ತಿರವಾದಂತೆ ಅವನು ಚೆಂಡಿನ ಕೈಯನ್ನು ಪಕ್ಕಕ್ಕೆ ಚಾಚಿ, ನಿಧಾನಿಸಿ, ಮೆರೆಯತೊಡಗಿದ. ಹಿಂದಿನಿಂದ ಒಬ್ಬ ಓಡಿ ಬರುತ್ತಿದ್ದ. ಅವನು ಬಫಲೋದ ಡಾನ್ ಬೀಬಿ. ಅಂಗಳದ ಅರ್ಧಕ್ಕೂ ಹೆಚ್ಚು ದೂರ ಅಟ್ಟಿಸಿಕೊಂಡು ಬಂದು, ಇನ್ನೇನು ಗೆರೆ ಎನ್ನುವಾಗ ಆ ಚೆಂಡನ್ನು ಹೊಡೆದು ಕೆಡವಿದ. ಅಂಕ ಆಗಲಿಲ್ಲ. ಸೋಲು 35 ಅಂಕಗಳದಾದರೇನು, 42ರದಾದರೇನು? ಲೆಕ್ಕದ ಮೇಷ್ಟರನ್ನು ಕೇಳಿದರೆ ಆ ಓಟಕ್ಕೆ ಬೆಲೆ ಸೊನ್ನೆ. ಆದರೆ ಅಂದು ಗೆದ್ದವರಲ್ಲಿ ಯಾರು ಯಾರು ಎಷ್ಟೆಷ್ಟು ಅಂಕ ಗಳಿಸಿದರೆಂಬುದು ನನಗೆ ಬಾಯಿಪಾಠವಿಲ್ಲ. ಬೀಬಿಯ ಓಟವನ್ನು ಮಾತ್ರ ನೂರು ಸಲ ನೋಡಿದ್ದೇನೆ.

ಈ ಆಟದ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. ಶಿರಸ್ತ್ರಾಣಗಳು ಢಿಕ್ಕಿ ಹೊಡೆಯುವ ಸದ್ದಿಗೆ ನಾವು ಕುಣಿಯುತ್ತೇವೆ. ಆ ಸದ್ದಿನ ಬೆಲೆಯನ್ನು ತೆರುವವರು ಬೇರೆ. ಪಿಟ್ಸ್‌ಬರ್ಗ್ ತಂಡದಲ್ಲಿ ನಾಲ್ಕು ಸಲ ಸೂಪರ್ ಬೌಲ್ ಗೆದ್ದ ಮೈಕ್ ವೆಬ್‌ಸ್ಟರ್, ಆ ಗೋಡೆಯ ನಡುವೆ ನಿಲ್ಲುತ್ತಿದ್ದವನು, ಬುದ್ಧಿಯ ಸ್ಥಿಮಿತ ಕಳೆದುಕೊಂಡು 2002ರಲ್ಲಿ ಐವತ್ತನೆಯ ವಯಸ್ಸಿನಲ್ಲಿ ಸತ್ತ. ಅವನ ಮಿದುಳನ್ನು ಪರೀಕ್ಷಿಸಿದ ಡಾಕ್ಟರ್ ಬೆನೆಟ್ ಒಮಾಲು, ವರ್ಷಗಟ್ಟಲೆ ತಿಂದ ಪೆಟ್ಟುಗಳಿಂದ ಬರುವ ರೋಗದ ಗುರುತುಗಳನ್ನು ಕಂಡು 2005ರಲ್ಲಿ ಪ್ರಕಟಿಸಿದರು. 2023ರ ಜನವರಿ 2ರಂದು ಬಫಲೋದ ತರುಣ ಆಟಗಾರ ಡಮಾರ್ ಹ್ಯಾಮ್ಲಿನ್ ಸಿನ್ಸಿನಾಟಿಯ ಅಂಗಳದಲ್ಲೇ ಹೃದಯ ನಿಂತು ಕುಸಿದ. ವೈದ್ಯಕೀಯ ಸಿಬ್ಬಂದಿಯವರು ಅಲ್ಲೇ ಎದೆಯೊತ್ತಿ ಹೃದಯದ ಬಡಿತವನ್ನು ಮರಳಿಸಿದರು. ಆ ಪಂದ್ಯವನ್ನು ಮತ್ತೆ ಆಡಲೇ ಇಲ್ಲ. ದೈವದಯೆಯಿಂದ ಹ್ಯಾಮ್ಲಿನ್ ಚೇತರಿಸಿಕೊಂಡು ಅಂಗಳಕ್ಕೂ ಮರಳಿದ. ಅಂದು ಪಕ್ಕದ ಮನೆಯ ಮುದುಕರು ಇಡೀ ರಾತ್ರಿ ದೀಪ ಆರಿಸಲಿಲ್ಲವೆಂದು ಅಣ್ಣ ಹೇಳಿದ. ಆ ದಿನದಿಂದ ಯಾವನಾದರೂ ಬಿದ್ದವನು ಏಳಲು ತಡಮಾಡಿದರೆ ನನಗೆ ಅಂಕಗಳ ಚಿಂತೆ ಹೋಗಿಬಿಡುತ್ತದೆ.

ನಮ್ಮ ತಂದೆಯವರು 2021ರ ಸಾಂಕ್ರಾಮಿಕದ ದಿನಗಳಲ್ಲಿ ತೀರಿಕೊಂಡರು. ಅಣ್ಣನಿಗೆ ಬರಲಾಗಲಿಲ್ಲ. ಆಮೇಲೆ ಬಹಳ ದಿನ ನಮ್ಮ ದೂರವಾಣಿಯ ಮಾತು ‘ಊಟವಾಯಿತೆ?’, ‘ಆಯಿತು’ ಎಂಬಲ್ಲಿಗೆ ನಿಲ್ಲುತ್ತಿತ್ತು. ಅವನು ಕೇಳಬೇಕೆಂದಿದ್ದುದನ್ನು ಕೇಳಲಾರ. ನಾನು ಹೇಳಬೇಕಾದುದನ್ನು ಹೇಳಲಾರೆ. ಇಬ್ಬರ ನಡುವೆ ಸಮುದ್ರಕ್ಕಿಂತ ದೊಡ್ಡದೊಂದು ಮೌನ ಬಿದ್ದಿತ್ತು. ಆಗ ಒಂದು ದಿನ ಅವನು, ‘ನಾಳೆ ಪಂದ್ಯವಿದೆ, ನೋಡುತ್ತೀಯಾ?’ ಎಂದ. ನೋಡಿದೆ. ಮರುದಿನ ಮಾತಿಗೊಂದು ವಿಷಯ ಸಿಕ್ಕಿತು. ಅದರ ಮರುವಾರ ಇನ್ನೊಂದು ಸಿಕ್ಕಿತು. ನಾರ್‌ವುಡ್‌ನ ಕಥೆಯನ್ನು ಅವನು ಹೇಳಿದ ರಾತ್ರಿ, ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪ ಕೊನೆಗೆ ನನ್ನನ್ನು ಕೇಳಿದರೆ?’ ಎಂದ. ಕೇಳಿದ್ದರು. ‘ಅವನಿಗೆ ತೊಂದರೆ ಕೊಡಬೇಡಿ’ ಎಂದೂ ಹೇಳಿದ್ದರು. ಅದನ್ನು ಹೇಳಲು ನನಗೆ ಅಲ್ಲಿಯವರೆಗೆ ದಾರಿ ಸಿಕ್ಕಿರಲಿಲ್ಲ. ಆಟದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ನನ್ನ ಬಳಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ಬಫಲೋದಲ್ಲಿ ಭಾನುವಾರ ಸಂಜೆ ಆರೂವರೆಗೆ ಸೂಪರ್ ಬೌಲ್ ಆರಂಭವಾದರೆ ನಮ್ಮೂರಿನಲ್ಲಿ ಸೋಮವಾರ ಬೆಳಗಿನ ಐದು ಗಂಟೆ. ಅಲ್ಲಿಯವರು ಕೋಳಿಯ ರೆಕ್ಕೆಗಳನ್ನು ಹುರಿದು ರಾಶಿ ಹಾಕಿಕೊಂಡು ಕೂರುವಾಗ ನಮ್ಮ ಮನೆಯಲ್ಲಿ ಹಾಲಿನವನು ಬಂದಿರುತ್ತಾನೆ. ಅಣ್ಣ ಅಲ್ಲಿ ಕೂರುತ್ತಾನೆ, ನಾನು ಇಲ್ಲಿ ಕೂರುತ್ತೇನೆ. ತಾಯಿಯವರಿಗೆ ಈ ಆಟದಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲ. ಆದರೂ ಎದ್ದು, ಕಾಫಿ ಇಟ್ಟು, ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ‘ಯಾರು ಗೆದ್ದರೇನು, ಅವನು ಸ್ವೆಟರ್ ಹಾಕಿಕೊಂಡಿದ್ದಾನೆಯೆ ಕೇಳು’ ಎಂಬುದು ಅವರು ಪ್ರತಿ ವರ್ಷ ತಪ್ಪದೆ ಮಾಡುವ ಪಂದ್ಯದ ವಿಮರ್ಶೆ. ನಮ್ಮ ತಂಡ ಆ ಅಂಗಳದಲ್ಲಿ ಇರುವುದಿಲ್ಲ. ಇನ್ನಾರದೋ ಮದುವೆಗೆ ಹೋದವರಂತೆ ನಾವು ಮೂವರೂ ಕುಳಿತು ನೋಡುತ್ತೇವೆ.

ಇಷ್ಟು ಪೀಠಿಕೆಯ ಮೇಲೆ ಭವಿಷ್ಯ ನುಡಿಯದಿದ್ದರೆ ವಾಚಕರು ಮುನಿಯಬಹುದು. ಆದ್ದರಿಂದ ನುಡಿಯುತ್ತೇನೆ. ಬರುವ ಪಂದ್ಯದಲ್ಲಿ ಗೋಡೆ ಗಟ್ಟಿಯಿದ್ದ ತಂಡ ಗೆಲ್ಲುವುದು. ಬೆಳ್ಳಿಯ ಪಾರಿತೋಷಕವನ್ನು ಎತ್ತುವವನ ಮೇಲೆ ಬಣ್ಣದ ಕಾಗದದ ಚೂರುಗಳು ಸುರಿಯುವುವು. ಸೋತವರ ಪಾಲಿಗೆ ಒಬ್ಬ ನಾರ್‌ವುಡ್ ಹುಟ್ಟುವನು. ಅವನ ಊರಿನವರು ಬಫಲೋದವರಷ್ಟು ದೊಡ್ಡ ಮನಸ್ಸಿನವರಾಗಿರಲಿ ಎಂದು ಹಾರೈಸುತ್ತೇನೆ. ಎಲ್ಲ ಮುಗಿದ ಮೇಲೂ ಅಂಗಳದ ಒಂದು ಮೂಲೆಯಲ್ಲಿ ಯಾವನೋ ಒಬ್ಬ ಬೀಬಿ ಓಡುತ್ತಿರುವನು. ಕ್ಯಾಮೆರಾ ಅವನನ್ನು ತೋರಿಸದಿದ್ದರೂ ನೋಡಬಲ್ಲವರು ನೋಡುವರು.

ಬಫಲೋ ಯಾವ ವರ್ಷ ಗೆಲ್ಲುವುದೆಂದು ಮಾತ್ರ ಕೇಳಬೇಡಿ. ಪಕ್ಕದ ಮನೆಯ ಮುದುಕರನ್ನು ಅಣ್ಣ ಪ್ರತಿ ವರ್ಷ ಇದೇ ಪ್ರಶ್ನೆ ಕೇಳುತ್ತಾನಂತೆ. ಅವರು ಸಲಿಕೆಯನ್ನು ಗೋಡೆಗೆ ಒರಗಿಸಿ, ಕಿಟಕಿಯಾಚೆಯ ಹಿಮವನ್ನು ನೋಡಿ, ‘ಮುಂದಿನ ವರ್ಷ’ ಎನ್ನುತ್ತಾರಂತೆ. ಮೂವತ್ತು ವರ್ಷಗಳಿಂದ ಅದನ್ನೇ ಹೇಳುತ್ತಿದ್ದಾರೆ. ದನಿಯಲ್ಲಿ ಮಾತ್ರ ಒಂದಿಷ್ಟೂ ಸಂದೇಹವಿಲ್ಲವಂತೆ.